ಐದನೆಯ ಪಾವಟಿಗೆಯ ನಾಲ್ಕನೆಯ ಹೊಲಿಗೆ

ಅಂಗಡಿಗೆ ಹೋದರೆ ಬಟ್ಟೆಯ ಮುಖಕ್ಕಿಂತ ಮೊದಲು ಅದರ ಬೆನ್ನು ನೋಡುವ ಅಭ್ಯಾಸ ನನ್ನದು. ವ್ಯಾಪಾರಿ ಹಾಸಿದ ಸೀರೆ ಎಷ್ಟೇ ಮಿನುಗುತ್ತಿರಲಿ, ನಾನು ಸೆರಗನ್ನು ಎರಡು ಬೆರಳಲ್ಲಿ ಎತ್ತಿ, ಮಗುಚಿ, ಬಾಗಿಲ ಬೆಳಕಿಗೆ ಹಿಡಿದು, ಎಲ್ಲಿ ಎಳೆ ಜೋಲಾಡುತ್ತಿದೆ, ಎಲ್ಲಿ ಗಂಟು ಅಡಗಿದೆ, ಎಲ್ಲಿ ಬಣ್ಣ ಒಳಗೊಂದು ಹೊರಗೊಂದು ಆಗಿದೆ ಎಂದು ನೋಡಿ ಮುಗಿಸಿದ ಮೇಲೆಯೇ ಬೆಲೆಯ ಮಾತು. ಹುಬ್ಬಳ್ಳಿಯ ಮುದುಕ ವ್ಯಾಪಾರಿಯೊಬ್ಬರು ಒಮ್ಮೆ ತಾಳ್ಮೆಗೆಟ್ಟು, “ಅಕ್ಕೋರ, ಅರಿವಿ ಖರೀದಿ ಮಾಡಾಕ ಬಂದೀರೋ, ಝಡತಿ ತಗೊಳ್ಳಾಕ ಬಂದೀರೋ?” ಎಂದು ಕೇಳಿದ್ದರು. ಖರೀದಿಗೂ ತಪಾಸಣೆಗೂ, ಎರಡಕ್ಕೂ ಬಂದಿದ್ದೇನೆ ಎಂದು ಹೇಳಿ ಸೀರೆಯ ಇನ್ನೊಂದು ಅಂಚನ್ನೂ ಮಗುಚಿದ್ದೆ.

ಈ ಗುಣ ತವರಿನ ಬಳುವಳಿ. ನನ್ನ ಅವ್ವ ಬದನೆಕಾಯಿಯನ್ನು ತೊಟ್ಟು ಎತ್ತಿ ನೋಡದೆ ಕೊಂಡವಳಲ್ಲ. ಹಾಲಿನವಳ ಮಾತಿಗಿಂತ ಹಾಲಿನಲ್ಲಿ ಅದ್ದಿದ ತನ್ನ ಬೆರಳನ್ನೇ ಹೆಚ್ಚು ನಂಬಿದವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮಂತ್ರದಂತೆ ಜಪಿಸಿದವಳು. ಆ ಬುದ್ಧಿಯ ಮೇಲೆ ಕಸೂತಿಯೂ ಬಂದು ಕೂತರೆ ಹೇಗಿರಬೇಕು, ನೀವೇ ಊಹಿಸಿ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ, ಗೀರು ಎಳೆದು ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹೋಗಬೇಕು, ಹೋದ ದಾರಿಯಲ್ಲೇ ಬಿಟ್ಟ ಜಾಗ ತುಂಬುತ್ತ ಮರಳಿ ಬರಬೇಕು, ಬಂದಾಗ ಮುಂದೂ ಹಿಂದೂ ಒಂದೇ ಸಮ ಕಾಣಬೇಕು. ಹಿಂಬದಿ ನೋಡಿದರೆ ಹೊಲಿದವಳ ಹಣೆಬರಹವೆಲ್ಲ ಗೊತ್ತಾಗುತ್ತದೆ. ಹೀಗೆ ಬಟ್ಟೆಯ ಬೆನ್ನು ಓದಲು ಕಲಿತವಳು ಮನುಷ್ಯರ ಬೆನ್ನನ್ನೂ ಓದಬಲ್ಲೆ ಎಂದುಕೊಂಡದ್ದೇ ನನ್ನ ಬದುಕಿನ ದೊಡ್ಡ ತಪ್ಪು. ಆ ತಪ್ಪಿನ ಕಥೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಐವತ್ತರ ದಶಕ ಮುಗಿದು ಅರವತ್ತು ಆಗಷ್ಟೇ ಕಾಲಿಡುತ್ತಿತ್ತು. ಹುಬ್ಬಳ್ಳಿಯ ಒಂದು ಮಹಿಳಾ ಮಂಡಳದವರು ಹೊಲಿಗೆ-ಕಸೂತಿಯ ವರ್ಗ ತೆರೆದಿದ್ದರು. ನಾನು ಧಾರವಾಡದಿಂದ ವಾರಕ್ಕೆ ನಾಲ್ಕು ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಕಲಿಸುತ್ತಿದ್ದೆ. ಉದ್ದನೆಯ ಒಂದು ಪಡಸಾಲೆ, ನೆಲಕ್ಕೆ ಚಾಪೆ, ಎದುರಿಗೆ ಸುಣ್ಣ ಬಳಿದ ಒಂದು ದೊಡ್ಡ ಗೋಡೆ. ಇಷ್ಟೇ ನಮ್ಮ ಶಾಲೆ. ಮಂಡಳದ ಕಾರ್ಯದರ್ಶಿ ಸರಸ್ವತಿಬಾಯಿ ನನ್ನ ತದ್ವಿರುದ್ಧ. ಕಪಾಟಿನ ಕೀಲಿಕೈಯನ್ನು ಕಪಾಟಿನ ಪಕ್ಕದ ಮೊಳೆಗೇ ತೂಗುಹಾಕಿ, “ಇಲ್ಲೆ ಒಯ್ಯೂವಂಥಾದ್ದು ಏನೈತ್ರೀ?” ಎಂದು ನಗುವ ಮಹಾತಾಯಿ. ಅವರ ನಗು ಕಂಡಾಗಲೆಲ್ಲ ನನಗೆ ಇನ್ನೂ ಒಂದು ಬೀಗ ಹಾಕಬೇಕೆನಿಸುತ್ತಿತ್ತು.

ಕಲಿಸುವುದಕ್ಕಿಂತ ನಮೂನೆ ಮಾಡುವುದೇ ಅಲ್ಲಿ ನನಗೆ ಹೆಚ್ಚಿನ ಕೆಲಸ. ಒಂದು ಗೋಪುರದ ಚಿತ್ತಾರವನ್ನು ಕಲಿಸಬೇಕೆಂದರೆ ಐದು ತುಂಡು ಬಟ್ಟೆಯಲ್ಲಿ ಐದು ಹಂತ ತೋರಿಸಬೇಕು. ಮೊದಲನೆಯದರಲ್ಲಿ ಸೂಜಿ ಬರೀ ಹೋದ ದಾರಿ, ಎರಡನೆಯದರಲ್ಲಿ ಅರ್ಧ ಮರಳಿದ ದಾರಿ. ಹೀಗೆ ನಡೆದು ಐದನೆಯದರಲ್ಲಿ ಪೂರ್ಣ ಗೋಪುರ. ಪೂರ್ತಿ ಮಾಡುವುದು ಕಷ್ಟವಲ್ಲ. ಮುಗಿಸಲು ತವಕಿಸುವ ಕೈಯನ್ನು ಅರ್ಧಕ್ಕೇ ಹಿಡಿದು ನಿಲ್ಲಿಸುವುದಿದೆಯಲ್ಲ, ಒಗ್ಗರಣೆ ಹಾಕದೆ ಸಾರು ಇಳಿಸಿದ ಹಾಗೆ ಮನಸ್ಸು ಚಡಪಡಿಸುತ್ತದೆ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಾನು ಆ ಅರೆಬರೆ ತುಂಡುಗಳನ್ನು ಹಾಕುತ್ತಿದ್ದರೆ ಓಣಿಯ ಹೆಂಗಸರು, “ಒಂದರೆ ಮುಗಸವಾ ತಾಯಿ” ಎಂದು ಚೇಷ್ಟೆ ಮಾಡುತ್ತಿದ್ದರು. ನಮೂನೆ ಎಂಬುದು ಎಂಥ ವಿಚಿತ್ರ ವಸ್ತು ನೋಡಿ. ಅದನ್ನು ಯಾರೂ ಉಡುವುದಿಲ್ಲ, ಹೊದೆಯುವುದಿಲ್ಲ, ಬೀಗರಿಗೆ ಉಡುಗೊರೆ ಕೊಡುವುದಿಲ್ಲ. ಇನ್ನೊಬ್ಬರು ತನ್ನನ್ನು ನೋಡಿ ಹಾಗೆಯೇ ಮಾಡಲಿ ಎಂಬುದೊಂದೇ ಅದರ ಹುಟ್ಟಿಗೆ ಕಾರಣ. ಮತ್ತು ನನ್ನ ನಮೂನೆಯನ್ನು ಯಾರೂ ನೋಡಿ ಮಾಡಬಾರದು ಎಂಬ ಹಟ ನನಗೆ ಬಂದದ್ದು ಆ ಗೋಪುರದಿಂದಲೇ.

ಆ ವರ್ಷ ಊರಿನ ಇನ್ನೊಂದು ಕಡೆ ಮತ್ತೊಂದು ಕಸೂತಿ ವರ್ಗ ಶುರುವಾಗಿತ್ತು. ನನ್ನ ಚಿಕ್ಕಮ್ಮನ ಮಗಳು ಅಲ್ಲಿಗೆ ಹೋಗಿ ಬಂದವಳು, “ಅಕ್ಕಾ, ನಿನ್ನ ಗೋಪುರನ ಅಲ್ಲೂ ಹಾಕಾಕತ್ತಾರ” ಎಂದು ಸುಮ್ಮನೆ ಒಂದು ಮಾತು ಒಗೆದು ಹೋದಳು. ಗೋಪುರವೇನು ನನ್ನ ಅಪ್ಪನ ಸ್ವತ್ತೇ? ಉತ್ತರ ಕರ್ನಾಟಕದ ಅರ್ಧ ಸೀರೆಗಳ ಸೆರಗಿನಲ್ಲಿ ಗೋಪುರ ಇದೆ. ಆದರೆ ನಾನು ಹಾಕುವುದು ನನ್ನ ಅಜ್ಜಿಯ ಎಣಿಕೆಯ ಗೋಪುರ. ಕಳಸದಿಂದ ಕೆಳಕ್ಕೆ ಇಳಿಯುವ ಎಡಬಲದ ಮೆಟ್ಟಿಲುಗಳಿಗೆ, ಅಂದರೆ ಪಾವಟಿಗೆಗಳಿಗೆಲ್ಲ ಮೂರು ಮೂರೇ ಹೊಲಿಗೆ, ಕತ್ತು ಸಣ್ಣ, ಬುಡ ಅಗಲ. ಅದು ಯಾರದೋ ಚೀಲದಲ್ಲಿ ಕೂತು ಊರ ಇನ್ನೊಂದು ತುದಿಗೆ ಪ್ರಯಾಣ ಮಾಡಿದೆ ಎಂದು ನನಗೆ ಖಾತ್ರಿಯಾಯಿತು. ಪುರಾವೆ ಏನೂ ಇರಲಿಲ್ಲ. ಸಂಶಯಕ್ಕೆ ಪುರಾವೆ ಬೇಕೆಂದು ಯಾರು ಹೇಳಿದರು? ಅದು ಗಾಳಿ ಕುಡಿದೇ ಕೊಬ್ಬುತ್ತದೆ.

ಕಳ್ಳರನ್ನು ಹಿಡಿಯಲು ನಾನೊಂದು ಉಪಾಯ ಹೂಡಿದೆ. ಗೋಡೆಗೆ ಹೊಸ ಗೋಪುರದ ನಮೂನೆ ತೂಗುಹಾಕುವಾಗ ಬಲಗಡೆಯ ಐದನೆಯ ಪಾವಟಿಗೆಗೆ ಮೂರರ ಬದಲು ನಾಲ್ಕು ಹೊಲಿಗೆ ಹಾಕಿದೆ. ಅದು ಎದ್ದು ಕಾಣದಿರಲೆಂದು ಬುಡದ ಗೆರೆಯನ್ನೂ ಒಂದು ಹೊಲಿಗೆ ಉದ್ದ ಮಾಡಿ ಜಾಣತನದಿಂದ ಕೂಡಿಸಿದೆ. ವರ್ಗದಲ್ಲಿ ಬಾಯಿಂದ ಕಲಿಸುವಾಗ ಮಾತ್ರ ಸರಿಯಾದ ಎಣಿಕೆಯನ್ನೇ ಹೇಳಿದೆ: ಎಲ್ಲ ಪಾವಟಿಗೆಗೂ ಮೂರು ಮೂರು. ನನ್ನ ಮಾತು ಕೇಳಿ ಕಲಿತವರ ಗೋಪುರ ನೆಟ್ಟಗೆ ನಿಲ್ಲುತ್ತದೆ, ನಮೂನೆ ಕದ್ದು ನಕಲು ಮಾಡಿದವರ ಗೋಪುರ ಒಂದು ಕೂದಲಷ್ಟು ಬಲಕ್ಕೆ ಜರುಗುತ್ತದೆ. ಬಾಯಲ್ಲಿ ಒಂದು, ಕೈಯಲ್ಲಿ ಒಂದು. ಆ ಸಂಜೆ ಬಸ್ಸಿನಲ್ಲಿ ಕೂತು ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ವರ್ಗದಲ್ಲಿ ಮೂವತ್ತರ ಹತ್ತಿರ ಹೆಣ್ಣುಮಕ್ಕಳಿದ್ದರು. ಅವರಲ್ಲಿ ದುರ್ಗವ್ವ ಬೆಂಗೇರಿಯಿಂದ ನಡೆದು ಬರುತ್ತಿದ್ದವಳು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕೂಲಿ; ಒಂದೆರಡು ವರ್ಷದ ಹಿಂದಷ್ಟೇ ಅವರ ಮನೆಯವರು ಬೌದ್ಧರಾಗಿದ್ದರು. ಅವ್ವ ಮನೆಮನೆಯ ಹಳೆ ಸೀರೆ ಪಡೆದು ಕೌದಿ ಹೊಲಿದುಕೊಡುತ್ತಿದ್ದಳು. ದುರ್ಗವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಎರಡು ವರ್ಷ ಮನೆಯಲ್ಲೇ ಕೂತಿದ್ದಳು. ಅಮ್ಮಿನಬಾವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಜಾಗವೊಂದು ಖಾಲಿ ಇತ್ತು. ಅವಳ ಸೋದರಮಾವ ಅಲ್ಲಿ ಮಾತಾಡಿ ಇಟ್ಟಿದ್ದ. ಬೇಸಿಗೆಯೊಳಗೆ ನಮ್ಮ ವರ್ಗದ ಸರ್ಟಿಫಿಕೇಟು ತೋರಿಸಿದರೆ ಕೆಲಸ ಅವಳದು. “ಅಪ್ಪ ಈ ಬ್ಯಾಸಗಿತನಾ ತಡೀತೇನಿ ಅಂದಾನ್ರಿ. ನೌಕರಿ ಸಿಕ್ಕರ ನೌಕರಿ, ಇಲ್ಲಾಂದ್ರ ಲಗ್ನ. ವರ ನೋಡಿ ಬಂದಾರ, ಎರಡನೇ ಸಂಬಂಧ. ನಾ ಒಲ್ಲೆರಿ” ಎಂದು ಅವಳು ಒಮ್ಮೆ ದಾರ ಪೋಣಿಸುತ್ತ ತಲೆ ಎತ್ತದೆ ಹೇಳಿದ್ದಳು. ನಾನು ಹ್ಞೂಂ ಎಂದೆ. ನನಗೆ ಆಗ ಅವಳ ಮಾತಿಗಿಂತ ಅವಳ ಚೀಲದಲ್ಲಿ ಏನಿದೆ ಎಂಬುದರ ಮೇಲೆ ಹೆಚ್ಚು ಗಮನ.

ಅವಳ ಚಾಪೆ ಬಾಗಿಲ ಹತ್ತಿರ, ಗೋಡೆಗೆ ಎದುರಾಗಿ. ಆ ಚಾಪೆಯ ಮೇಲೆ ಅವಳೊಬ್ಬಳೇ. ಯಾರೂ ಅವಳಿಗೆ ಅಲ್ಲಿ ಕೂಡು ಎಂದು ಹೇಳಿದ್ದಿಲ್ಲ, ಯಾರೂ ಇಲ್ಲಿ ಬಾ ಎಂದು ಕರೆದದ್ದೂ ಇಲ್ಲ, ನಾನೂ ಕರೆಯಲಿಲ್ಲ. ಉಳಿದವರು ಗುಂಪಾಗಿ ಕೂತು, ಮಗ್ಗುಲಿನವಳ ಬಟ್ಟೆಗೆ ತಮ್ಮ ಬಟ್ಟೆ ಹಿಡಿದು ಎಣಿಕೆ ತಾಳೆ ನೋಡುತ್ತ, ಹರಟುತ್ತ ಹೊಲಿಯುತ್ತಿದ್ದರು. ಅವಳಿಗೆ ಮಗ್ಗುಲೇ ಇರಲಿಲ್ಲ.

ಕೌದಿಯ ಪಾಠ ಬಂದಾಗ ನನ್ನ ಬಂಡವಾಳ ಬಯಲಾಯಿತು. ನಮ್ಮ ಮನೆಯಲ್ಲಿ ಕೌದಿ ಹೊದೆಯುವವರಿದ್ದರೇ ಹೊರತು ಹೊಲಿಯುವವರಿರಲಿಲ್ಲ. ಸರಸ್ವತಿಬಾಯಿ ದುರ್ಗವ್ವನಿಗೆ ನಮೂನೆ ಮಾಡಲು ಹೇಳಿದರು. ಅವಳು ನಾಲ್ಕೇ ದಿನದಲ್ಲಿ ಒಂದು ಗೇಣಿನ ಪುಟ್ಟ ಕೌದಿ ಮಾಡಿ ತಂದಳು: ತುಂಡಿನ ಮೇಲೆ ತುಂಡು, ಅಂಚಿನಿಂದ ನಡುವಿಗೆ ಸುತ್ತುತ್ತ ಹೋದ ಓಟದ ಹೊಲಿಗೆ, ಜೋಳದ ಸಾಲಿನ ಹಾಗೆ ಸಮ. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ನಾನೂ ನೋಡಿದೆ, ಆದರೆ ಕೈಕೆಲಸವನ್ನಲ್ಲ, ಬಟ್ಟೆಯನ್ನು. ಆ ಅಂಚಿನ ಹಸಿರು ತುಂಡು ನನ್ನ ಅವ್ವನ ಸೀರೆಯದಲ್ಲವೇ? ಹಿಂದಿನ ವರ್ಷ ನಾವು ಕೌದಿಗೆಂದು ಕೊಟ್ಟು ಕಳಿಸಿದ ಸೀರೆಯಲ್ಲಿ ಇವಳ ಅವ್ವ ಒಂದಿಷ್ಟು ಉಳಿಸಿಕೊಂಡಿರಬಹುದೇ? ಹಾಗೆ ನೋಡಿದರೆ ಆ ಹಸಿರಿನ ಸೀರೆ ಹುಬ್ಬಳ್ಳಿ-ಧಾರವಾಡದ ಪ್ರತಿ ಮನೆಯ ಹಗ್ಗದ ಮೇಲೂ ಒಣಗುತ್ತಿತ್ತು. ಕಾಮಾಲೆ ಕಣ್ಣಿಗೆ ಲೋಕವೇ ಹಳದಿ. ಕೌದಿಯನ್ನು ನನ್ನ ಕಸೂತಿಯ ಪಕ್ಕದಲ್ಲಿ ತೂಗುಹಾಕಿದಾಗ ಹುಡುಗಿಯರು ಮೊದಲು ನೋಡಿದ್ದು ಕೌದಿಯನ್ನೇ. ಅದೂ ನನಗೆ ನೆಟ್ಟಗಾಗಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಗೆ ತಿಂಗಳಿರುವಾಗ ಒಂದು ಶನಿವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗೋಡೆಯ ಮೇಲೆ ಪೂರ್ಣ ಗೋಪುರದ ತುಂಡು ಇರಲಿಲ್ಲ. ಮೊಳೆ ಬರಿದಾಗಿತ್ತು. ಸೋಮವಾರ ಬಂದು ನೋಡಿದರೆ ತುಂಡು ತನ್ನ ಜಾಗದಲ್ಲಿ ಏನೂ ಆಗದಂತೆ ತೂಗುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಶಯದ ಮನುಷ್ಯರಿಗೆ ಉತ್ತರಕ್ಕಿಂತ ಕಾಯುವುದರಲ್ಲಿಯೇ ರುಚಿ ಹೆಚ್ಚು. ಶನಿವಾರ ಯಾರು ಕೊನೆಗೆ ಹೊರಟರು? ದುರ್ಗವ್ವ. ಸೋಮವಾರ ಯಾರು ಮೊದಲು ಬಂದರು? ದುರ್ಗವ್ವ. ನಿಜ ಹೇಳಬೇಕೆಂದರೆ ಅವಳು ದಿನವೂ ಕೊನೆಗೆ ಹೋಗಿ ಮೊದಲು ಬರುತ್ತಿದ್ದಳು. ಮೂವತ್ತು ಜನರಲ್ಲಿ ನನ್ನ ಸಂಶಯ ಅಲ್ಲಿ ಇಲ್ಲಿ ಅಲೆಯದೆ ನೆಟ್ಟಗೆ ಬಾಗಿಲ ಬಳಿಯ ಚಾಪೆಗೆ ಹೋಗಿ ಕೂತದ್ದೇಕೆ ಎಂದು ನಾನು ಆಗ ನನ್ನನ್ನು ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಂಡರೆ ಉತ್ತರ ಗೊತ್ತಿದೆ, ಮತ್ತು ಅದು ಹೇಳಿಕೊಳ್ಳುವಂಥ ಉತ್ತರವಲ್ಲ. ಅವಳು ನಮ್ಮವರ ಮನೆಯ ಹುಡುಗಿಯಾಗಿದ್ದರೆ ಸಂಶಯ ಬೇರೆ ಚಾಪೆ ಹುಡುಕುತ್ತಿತ್ತು.

ಪರೀಕ್ಷೆಯ ದಿನ ಬೆಳಗಾವಿಯಿಂದ ವಯಸ್ಸಾದ ಪರೀಕ್ಷಕಿಯೊಬ್ಬರು ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಕಡಿಮೆ ಮಾತು. ಪ್ರತಿಯೊಬ್ಬಳೂ ಮನೆಯಲ್ಲಿ ಮಾಡಿದ ಒಂದು ದಿಂಬಿನ ಗವಸನ್ನು ಮೊದಲು ಒಪ್ಪಿಸಬೇಕು, ಆಮೇಲೆ ಅವರ ಎದುರಿಗೆ ಕೂತು ಹೊಲಿಯಬೇಕು. ಗವಸಿನ ಎಣಿಕೆ ಬಾಯಿಪಾಠದಿಂದಲೇ ಬರಬೇಕು, ನಮೂನೆ ವರ್ಗದಿಂದ ಹೊರಗೆ ಹೋಗಬಾರದು. ಈ ನಿಯಮ ಮಾಡಿದವಳೂ ನಾನೇ. ಗವಸುಗಳನ್ನು ಜೋಡಿಸುತ್ತಿದ್ದ ನನ್ನ ಕೈಗೆ ದುರ್ಗವ್ವನ ಗವಸು ಬಂತು. ಎಣಿಸಿದೆ. ಬಲಗಡೆ, ಐದನೆಯ ಪಾವಟಿಗೆ, ನಾಲ್ಕು ಹೊಲಿಗೆ. ಆ ಕ್ಷಣ ನನಗಾದ ಸಂತೋಷ ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ.

ಸರಸ್ವತಿಬಾಯಿಯವರನ್ನು ಪಕ್ಕಕ್ಕೆ ಕರೆದು ಹೇಳಿದೆ: ಈ ಹುಡುಗಿ ತಿಂಗಳ ಹಿಂದೆ ಒಂದು ಶನಿವಾರ ನಮೂನೆಯನ್ನು ಮನೆಗೆ ಒಯ್ದು ನಕಲು ಮಾಡಿದ್ದಾಳೆ, ಇವಳನ್ನು ಪರೀಕ್ಷೆಗೆ ಕೂಡಿಸಬಾರದು. ಅವರು ನನ್ನ ಮಾತು ನಂಬಿದರು. ಅವರು ಎಲ್ಲರ ಮಾತನ್ನೂ ನಂಬುತ್ತಿದ್ದರು. ಹಾಜರಿಯ ಹಾಳೆಯಲ್ಲಿ ದುರ್ಗವ್ವನ ಹೆಸರಿನ ಮೇಲೆ ಗೆರೆ ಎಳೆದು ಅವಳನ್ನು ಕರೆದು ಹೇಳಿದರು. ಅವಳ ಮುಖ ಬೂದಿ ಬಡಿದಂತಾಯಿತು.

“ನಾ ಏನೂ ಒಯ್ದಿಲ್ರಿ. ಇಲ್ಲೇ ಕುಂತು, ಗ್ವಾಡಿ ನೋಡಿ, ಎಣಿಸಿ ಬಾಯಿಪಾಠ ಮಾಡೀನ್ರಿ.”

“ಹಂಗಾದ್ರ ನಾಲ್ಕು ಹೊಲಿಗಿ ಎಲ್ಲಿಂದ ಬಂತು? ಮೂರು ಮೂರು ಅಂತ ನಾ ಬಾಯಿಲೆ ಹೇಳಿದ್ದಿಲ್ಲೇನು?” ಎಂದೆ.

“ಹೇಳಿದ್ರಿ. ನನ್ನ ಕಿವಿಲೆ ಕೇಳೀನ್ರಿ. ಆದ್ರ ಗ್ವಾಡಿ ಮ್ಯಾಲಿಂದ್ರಾಗ ಬಲಕ ನಾಕ ಇತ್ರಿ. ಎರಡ ದಿನ ತಲಿ ಕೆಡಿಸಿಕೊಂಡೆ. ಮಾತಿನ್ಯಾಗ ಒಂದ ಹೆಚ್ಚುಕಡಿಮಿ ಆಗತೈತಿ, ಪಳಗಿದ ಕೈ ತಪ್ಪೂದಿಲ್ಲ ಅಂತಾಳ ನಮ್ಮವ್ವ. ಅದಕ್ಕ ನಿಮ್ಮ ಕೈ ನಂಬಿದೆರಿ ಅಕ್ಕೋರ.”

ಸರಸ್ವತಿಬಾಯಿ ಹಣೆ ಮುಟ್ಟಿಕೊಂಡರು. “ಅಯ್ಯ, ಯಾವ ಶನಿವಾರ ಅಂದ್ರಿ? ಆವತ್ತು ನಮೂನಿ ಒಯ್ದಾಕಿ ನಾನ ಅಲ್ಲೇನ್ರೀ. ಸೊಸಿಗೆ ತೋರಸೂಣು ಅಂತ ಚೀಲದಾಗ ಹಾಕ್ಕೊಂಡು ಹೋಗಿದ್ದೆ. ನಿಮಗ ಹೇಳೂದ ಮರತೆ.”

ನಮ್ಮ ಗದ್ದಲ ಪರೀಕ್ಷಕಿಯ ಕಿವಿಗೆ ಬಿತ್ತು. ಅವರು ಗೋಡೆಯ ನಮೂನೆಯನ್ನೂ ಗವಸನ್ನೂ ತರಿಸಿಕೊಂಡು, ಕನ್ನಡಕ ಮೇಲೇರಿಸಿ, ಉಗುರಿನ ತುದಿಯಿಂದ ಎರಡನ್ನೂ ಎಣಿಸಿದರು. ಮೂವತ್ತು ಹುಡುಗಿಯರು ಸೂಜಿ ಹಿಡಿದುಕೊಂಡೇ ನೋಡುತ್ತಿದ್ದರು.

“ಇದನ್ನ ಹಾಕಿದವ್ರು ಯಾರು?”

“ನಾನ್ರಿ. ಕೈ ತಪ್ಪಿರಬೇಕು” ಎಂದೆ.

“ಕೈ ತಪ್ಪಿದ್ರ ಬುಡದಾಗ ಹೊಂದತಿದ್ದಿಲ್ಲ. ಇಲ್ಲಿ ಬುಡದ ಗೆರೀನೂ ಒಂದು ಹೊಲಿಗಿ ಉದ್ದ ಮಾಡಿ ಕೂಡಿಸೀರಿ. ಇದು ತಿಳದ ಹಾಕಿದ್ದು. ಯಾಕ ಹಾಕಿದ್ರಿ?”

ಆ ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಸುಳ್ಳು ಹೇಳಲು ಜಾಗ ಉಳಿದಿರಲಿಲ್ಲ. ಯಾರು ನಕಲು ಮಾಡುತ್ತಾರೋ ನೋಡೋಣವೆಂದು ಬೇಕೆಂದೇ ಹಾಕಿದೆ, ಕಳ್ಳರನ್ನು ಹಿಡಿಯಲು ಹಾಕಿದೆ ಎಂದು ಹೇಳಿದೆ. ಹುಡುಗಿಯರೆಲ್ಲರೂ ಕೇಳಿದರು. ಪರೀಕ್ಷಕಿ ಗವಸನ್ನು ಮಡಿಚಿ ಇಡುತ್ತ, “ಸಿಕ್ಕರೇನು ಕಳ್ಳರು?” ಎಂದು ಕೇಳಿದರು.

 ಆಮೇಲೆ ಅವರು ಹಾಜರಿಯ ಹಾಳೆಯಲ್ಲಿ ಗೆರೆ ಎಳೆದ ಹೆಸರನ್ನು ಮತ್ತೆ ಬರೆಸಿದರು. ನಮೂನೆಗೆ ತಕ್ಕಂತೆ ಹಾಕಿದ್ದಾಳೆ, ಹುಡುಗಿಯದು ತಪ್ಪಿಲ್ಲ ಎಂದು ಗವಸಿಗೆ ಪೂರ್ತಿ ಅಂಕ ಕೊಟ್ಟರು. ದುರ್ಗವ್ವ ಅವರ ಎದುರಿಗೆ ಕೂತು ಹೊಲಿದಳು. ಒಂದು ಹೊಲಿಗೆಯೂ ಅತ್ತಿತ್ತ ಜರುಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸರ್ಟಿಫಿಕೇಟು ಬಂತು. ಎರಡನೆಯ ಸಂಬಂಧದ ವರನಿಗೆ ಅವಳ ಅಪ್ಪ ಇಲ್ಲವೆಂದು ಹೇಳಿ ಕಳಿಸಿದ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ನೀವು ಏಳಲು ಹೊರಟಿರಬಹುದು. ಸ್ವಲ್ಪ ಕೂಡಿರಿ. ಅಂದು ನಾನು ಎಲ್ಲರೆದುರು ಖರೆ ಹೇಳಿದ್ದು ದುರ್ಗವ್ವನ ಸಲುವಾಗಿಯೋ, ಆ ಮುದುಕಿ ಹೇಗೂ ಕಂಡುಹಿಡಿದುಬಿಟ್ಟರು ಎಂಬ ಕಾರಣಕ್ಕೋ? ನನ್ನ ಪಶ್ಚಾತ್ತಾಪದ ಮೇಲೂ ನನಗೆ ಪೂರ್ಣ ವಿಶ್ವಾಸವಿಲ್ಲ. ಪರೀಕ್ಷಕಿ ಬುಡದ ಗೆರೆ ಎಣಿಸದಿದ್ದರೆ ಕೈ ತಪ್ಪಿತೆಂಬ ಸುಳ್ಳಿನ ನೆರಳಲ್ಲೇ ನಾನು ಮನೆಗೆ ಹೋಗುತ್ತಿದ್ದೆ, ಅಷ್ಟಂತೂ ಗೊತ್ತು. ತಾ ಕಳ್ಳ ಪರರ ನಂಬ ಎನ್ನುತ್ತಾರೆ. ಒಂದು ಎಳೆಯನ್ನೂ ಕದಿಯದವಳು ನಾನು, ಆದರೂ ಆ ಗಾದೆ ಕೇಳಿದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತದೆ. ನಂಬಿಕೆಯಿಂದ ಮೋಸಹೋದವರನ್ನು ನೋಡಿ ನಗುವುದು ಸುಲಭ. ಅಪನಂಬಿಕೆಯಿಂದ ನಾವು ಮೋಸಹೋದಾಗ ನಗಲು ಎದುರಿಗೆ ಯಾರೂ ಇರುವುದಿಲ್ಲ, ಹಾಗಾಗಿ ಆ ಮೋಸ ನಮಗೆ ತಿಳಿಯುವುದೂ ತಡ. ಇನ್ನೊಂದು ವರ್ಗದವರು ನನ್ನ ಗೋಪುರ ಒಯ್ದಿದ್ದರೇ ಎಂದು ಕೇಳುತ್ತೀರಾ? ಆಮೇಲೆ ಹೋಗಿ ನೋಡಿದೆ. ಅವರದು ಬೇರೆಯದೇ ಎಣಿಕೆ, ಕತ್ತು ದಪ್ಪ. ನನ್ನ ಚಿಕ್ಕಮ್ಮನ ಮಗಳಿಗೆ ಎಲ್ಲ ಗೋಪುರಗಳೂ ಒಂದೇ.

ಅಮ್ಮಿನಬಾವಿಗೆ ಹೊರಡುವ ಮುನ್ನ ದುರ್ಗವ್ವ ಸರಸ್ವತಿಬಾಯಿಯವರಿಗೂ ನನಗೂ ಹೇಳಿ ಹೋಗಲು ಬಂದಳು. ನಾನು ಆ ದಿನಕ್ಕೆಂದು ಎರಡು ವಾರ ಕೂತು ಒಂದು ವಹಿ ತಯಾರು ಮಾಡಿದ್ದೆ. ಅಜ್ಜಿಯಿಂದ ಬಂದ ಎಣಿಕೆಗಳೆಲ್ಲ ಅದರಲ್ಲಿದ್ದವು: ಗೋಪುರ, ತೊಟ್ಟಿಲು, ತುಳಸಿಕಟ್ಟೆ, ನವಿಲು, ಆನೆ. ಚೌಕಳಿ ಹಾಳೆಯ ಮೇಲೆ ಒಂದೊಂದು ಹೊಲಿಗೆಗೂ ಒಂದೊಂದು ಗೀಟು. ನನ್ನ ಸ್ವಂತ ಸೊಸೆಗೂ ನಾನು ಅದನ್ನು ಬರೆದು ಕೊಟ್ಟವಳಲ್ಲ. ಕ್ಷಮಿಸು ಎಂದು ಬಾಯಿಂದ ಹೇಳಲು ಬಾರದೆ ಕೈಯಿಂದ ಹೇಳಲು ಹೋಗಿದ್ದೆ ಎನ್ನಿ.

ಅವಳು ವಹಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು, ಒಂದೊಂದೇ ಹಾಳೆ ತಿರುವಿದಳು. ಗೋಪುರದ ಹಾಳೆ ಬಂದಾಗ ಅವಳ ಬೆರಳು ಬಲಗಡೆಯ ಪಾವಟಿಗೆಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ವಹಿ ಮುಚ್ಚಿದಳು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇವನ್ನೆಲ್ಲಾ ನಾ ಮೊದ್ಲ ಮನ್ಯಾಗ ಒಮ್ಮೊಮ್ಮಿ ಹಾಕಿ ನೋಡ್ತೇನ್ರಿ. ಹೊಂದಿದ್ರ ಆಮ್ಯಾಲ ಹುಡುಗ್ಯಾರಿಗೆ ಕಲಸ್ತೇನಿ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನನ್ನ ಅವ್ವ ಬದುಕಿದ್ದರೆ ಹುಡುಗಿ ಶಾಣ್ಯಾಕಿ ಆದಳು ಎನ್ನುತ್ತಿದ್ದಳು. “ನೋಡವಾ, ಹಾಕಿ ನೋಡು” ಎಂದೆ. ಅವಳು ನಮಸ್ಕಾರ ಮಾಡಿ, ವಹಿಯನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಆ ವಹಿಯಲ್ಲಿ ಒಂದೂ ತಪ್ಪಿರಲಿಲ್ಲ. ಹಾಗೆಂದು ಅವಳಿಗೆ ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.